14 ವೋಲ್ಟಿನ ಕಥೆ: ಶಿವನಸಮುದ್ರದಿಂದ ಬಿಡದಿಯವರೆಗೆ



ಬೆಂಗಳೂರಿನಿಂದ ಮೈಸೂರು ರಸ್ತೆ ಹಿಡಿದು ಹೊರಟರೆ 30 ಚಿಲ್ಲರೆ ಕಿಲೋಮೀಟರಿಗೆ ಬಿಡದಿ ಸಿಗುತ್ತದೆ. ಬಿಡದಿ ಎಂದೊಡನೆ ನಿಮ್ಮಲ್ಲಿ ಹಲವರಿಗೆ ತಟ್ಟೆ ಇಡ್ಲಿ ನೆನಪಾಗಿ ಬಾಯಲ್ಲಿ ನೀರೂರಬಹುದು. ನನಗೆ ಮಾತ್ರ ಮೊದಲು ನೆನಪಾಗುವುದು ಕತ್ತಲಲ್ಲಿ ನಿಂತುಹೋದ ಒಂದು ವ್ಯಾನು.

ಸುಮಾರು 20 ವರ್ಷಗಳ ಹಿಂದಿನ ಮಾತು. ರಾಮನಗರದ ಬೆಟ್ಟಗಳ ಬಳಿ ಚಿತ್ರೀಕರಣ ಮುಗಿಸಿಕೊಂಡು ಬಾಡಿಗೆಯ ಡೀಸೆಲ್ ವ್ಯಾನಿನಲ್ಲಿ ಹಿಂದಿರುಗುತ್ತಿದ್ದೆವು. ಬಿಡದಿ ಹತ್ತಿರವಾಗುತ್ತಿದ್ದಂತೆ ಹೆಡ್‌ಲೈಟು ಮಂಕಾಯಿತು. ಹಾರ್ನ್ ಒತ್ತಿದರೆ ಕೆಮ್ಮಿದ ಹಾಗೆ ಸದ್ದು. ರಸ್ತೆ ಬದಿಯಲ್ಲಿ ಒಬ್ಬ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಇನ್ನೂ ಅಂಗಡಿ ಬಾಗಿಲು ಹಾಕಿರಲಿಲ್ಲ. ಅವರು ಟಾರ್ಚು ಹಿಡಿದು ನೋಡಿ, ಸಡಿಲವಾಗಿದ್ದ ಬೆಲ್ಟನ್ನು ಬಿಗಿ ಮಾಡಿದರು. ಬ್ಯಾಟರಿ ಇಳಿದುಹೋಗಿತ್ತು, ನಾವೆಲ್ಲ ಸೇರಿ ವ್ಯಾನನ್ನು ತಳ್ಳಿ ಸ್ಟಾರ್ಟ್ ಮಾಡಿದೆವು. ಹೆಡ್‌ಲೈಟು ಚೆನ್ನಾಗಿಯೇ ಹತ್ತಿತು. ಅಷ್ಟಕ್ಕೆ ಬಿಟ್ಟಿದ್ದರೆ ಈ ಲೇಖನ ಹುಟ್ಟುತ್ತಿರಲಿಲ್ಲ.

"ತಡೀರಿ ಸಾರ್, ಚಾರ್ಜ್ ಆಗ್ತಾ ಐತಾ ನೋಡೇ ಬಿಡಾನ" ಎಂದ ಅವರು, ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಒಂದು ತಂತಿಯನ್ನು ಕಿತ್ತರು. ಹೆಡ್‌ಲೈಟು ಒಮ್ಮೆ ಝಗ್ಗೆಂದು ಬೆಳಗಿ ಆರಿತು. ಡ್ಯಾಶ್‌ಬೋರ್ಡಿನ ದೀಪಗಳೂ ಹೋದವು. ತಂತಿಯನ್ನು ಮತ್ತೆ ಹಾಕಿದರೂ ಏನೂ ಉಪಯೋಗವಾಗಲಿಲ್ಲ. ಎಂಜಿನ್ ಮಾತ್ರ ಏನೂ ಗೊತ್ತಿಲ್ಲದ ಹಾಗೆ ಗಡಗಡ ಎನ್ನುತ್ತಿತ್ತು. ದೀಪವಿಲ್ಲದೆ ಹೆದ್ದಾರಿಗೆ ಇಳಿಯುವಂತಿಲ್ಲ. ಬೆಳಗಾಗುವವರೆಗೆ ಅಲ್ಲೇ ಕುಳಿತೆವು.

ಆ ಹಿರಿಯರ ಮುಖ ಸಣ್ಣದಾಗಿತ್ತು. "ಡೈನಮೊ ಕಾಲದಿಂದ ನಾನು ಹಿಂಗೇ ನೋಡ್ತಾ ಇರೋದು ಸಾರ್. ಎಷ್ಟೋ ಗಾಡಿ ನೋಡಿದೀನಿ, ಯಾವತ್ತೂ ಏನೂ ಆಗಿರಲಿಲ್ಲ. ನೀವು ಓದಿದೋರು, ನೀವೇ ಹೇಳಿ, ನಾನೇನು ತಪ್ಪು ಮಾಡಿದೆ?" ಎಂದು ಕೇಳಿದರು. ನಾನು ಬಿ.ಎಸ್‌ಸಿ. ಓದಿದವನು. ಫ್ಯಾರಡೆಯ ನಿಯಮವನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ ಎಂದುಕೊಂಡಿದ್ದವನು. ಆದರೆ ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಆ ಉತ್ತರವನ್ನು ಹುಡುಕಿಕೊಂಡು ಹೋದಾಗ ತಿಳಿದದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ. ಅದರಲ್ಲಿ ವಿಜ್ಞಾನದಷ್ಟೇ ಚರಿತ್ರೆಯೂ ಇದೆ. ಆ ಚರಿತ್ರೆಯಲ್ಲಿ ನಮ್ಮ ನಾಡಿಗೂ ಒಂದು ಪಾಲಿದೆ.

ಎರಡು ತೊಂದರೆಗಳು

ಕಾಂತಕ್ಷೇತ್ರದಲ್ಲಿ ತಂತಿಯ ಸುರುಳಿ ತಿರುಗಿದರೆ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ ಎಂಬುದನ್ನು ಮೈಕೇಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ. ಸುರುಳಿ ನಿಂತು ಕಾಂತ ತಿರುಗಿದರೂ ಫಲ ಒಂದೇ. ಹುಟ್ಟುವ ವೋಲ್ಟೇಜು ಎರಡು ಸಂಗತಿಗಳನ್ನು ಅವಲಂಬಿಸಿದೆ: ಎಷ್ಟು ವೇಗವಾಗಿ ತಿರುಗುತ್ತದೆ ಎಂಬುದು ಒಂದು, ಕಾಂತ ಎಷ್ಟು ಬಲವಾಗಿದೆ ಎಂಬುದು ಇನ್ನೊಂದು.

ಈಗ ಕಾರಿನ ವಿಷಯಕ್ಕೆ ಬರೋಣ. ಕಾರಿನ ಬ್ಯಾಟರಿಯಲ್ಲಿ 6 ಕೋಶಗಳಿವೆ. ಪೂರ್ತಿ ತುಂಬಿ ಸುಮ್ಮನಿರುವಾಗ ಅದರ ವೋಲ್ಟೇಜು ಸುಮಾರು 12.6. ಅದನ್ನು ತುಂಬಿಸಬೇಕಾದರೆ ಅದಕ್ಕಿಂತ ಸ್ವಲ್ಪ ಹೆಚ್ಚಿನ ವೋಲ್ಟೇಜು ಬೇಕು. ಸುಮಾರು 14 ವೋಲ್ಟು. 13ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಸರಿಯಾಗಿ ತುಂಬುವುದಿಲ್ಲ. 15ನ್ನು ದಾಟಿದರೆ ಬ್ಯಾಟರಿಯೊಳಗಿನ ನೀರು ಒಡೆದು ಅನಿಲವಾಗಿ ಹೋಗುತ್ತದೆ, ಬಲ್ಬುಗಳ ಆಯುಸ್ಸು ಕಡಮೆಯಾಗುತ್ತದೆ. ಎಂದರೆ ಬಹಳ ಕಿರಿದಾದ ಓಣಿಯಲ್ಲಿ ನಡೆಯಬೇಕು.

ಓಣಿ ಕಿರಿದು, ಆದರೆ ನಡೆಯುವವನು ಓಲಾಡುವವನು! ಕಾರು ಸಿಗ್ನಲಿನಲ್ಲಿ ನಿಂತಾಗ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ. ಜೋರಾಗಿ ಓಡಿಸಿದಾಗ 5,000 ಅಥವಾ 6,000 ಸುತ್ತು. ಬೆಲ್ಟಿನ ಮೂಲಕ ಅದಕ್ಕೆ ಜೋಡಿಸಿದ ವಿದ್ಯುಜ್ಜನಕದ ವೇಗವೂ 6-7 ಪಟ್ಟು ಏರಿಳಿಯುತ್ತದೆ. ಸುಮ್ಮನೆ ಬಿಟ್ಟರೆ ವೋಲ್ಟೇಜೂ ಹಾಗೆಯೇ ಏರಿಳಿಯಬೇಕು. ಇದು ಮೊದಲನೆಯ ತೊಂದರೆ.

ಎರಡನೆಯದು ಹೊರೆ. ಇಲ್ಲಿ ಹೊರೆ ಎಂದರೆ ತೂಕವಲ್ಲ, ವಿದ್ಯುತ್ತಿನ ಬೇಡಿಕೆ. ಹಗಲು ಹೊತ್ತಿನಲ್ಲಿ ಅದು ಕಡಮೆ. ಸಂಜೆ ಮಳೆ ಹಿಡಿದುಕೊಂಡಿತೆನ್ನಿ. ಹೆಡ್‌ಲೈಟು, ವೈಪರು, ಗಾಜಿನ ಮಂಜು ತೆಗೆಯುವ ಫ್ಯಾನು, ರೇಡಿಯೇಟರಿನ ಫ್ಯಾನು ಎಲ್ಲವೂ ಒಟ್ಟಿಗೆ ಕೈಚಾಚುತ್ತವೆ. 60 ವಾಟಿನ 2 ಹೆಡ್‌ಲೈಟುಗಳೇ 120 ವಾಟು. 14ರಿಂದ ಭಾಗಿಸಿದರೆ ಸುಮಾರು 8.5 ಆಂಪಿಯರ್. ಎಲ್ಲ ಸೇರಿ 40 ಆಂಪಿಯರಿಗೆ ಮುಟ್ಟುವುದು ಹೆಚ್ಚೇನಲ್ಲ. ಬೇಡಿಕೆ ಹೆಚ್ಚಿದಷ್ಟೂ ವೋಲ್ಟೇಜು ಕುಸಿಯಲು ನೋಡುತ್ತದೆ.

ವೇಗವನ್ನು ನಿರ್ಧರಿಸುವವನು ಚಾಲಕ. ಹೊರೆಯನ್ನು ನಿರ್ಧರಿಸುವುದು ಮಳೆ, ಕತ್ತಲೆ, ಸೆಕೆ. ವಿದ್ಯುಜ್ಜನಕದ ಕೈಯಲ್ಲಿ ಉಳಿದಿರುವುದು ಒಂದೇ ಹಿಡಿ: ಕಾಂತದ ಬಲ. ಆದ್ದರಿಂದ ಕಾಂತ ಕಬ್ಬಿಣದ ಶಾಶ್ವತ ಕಾಂತವಾಗಿದ್ದರೆ ಪ್ರಯೋಜನವಿಲ್ಲ. ಅದು ವಿದ್ಯುತ್ಕಾಂತವಾಗಿರಬೇಕು. ಅದರ ಸುರುಳಿಯಲ್ಲಿ ಹರಿಯುವ ಪ್ರವಾಹವನ್ನು ಹೆಚ್ಚಿಸಿದರೆ ವೋಲ್ಟೇಜು ಏರುತ್ತದೆ, ತಗ್ಗಿಸಿದರೆ ಇಳಿಯುತ್ತದೆ. ಮುಂದೆ ಬರುವ ಚರಿತ್ರೆಯೆಲ್ಲ ಈ ಒಂದು ಹಿಡಿಯನ್ನು ಯಾರು ತಿರುಗಿಸಬೇಕು ಎಂಬುದರ ಚರಿತ್ರೆ.

ಕಾವೇರಿಯ ದಡದಲ್ಲಿ

ಕಾರುಗಳಿಗೆ ವಿದ್ಯುದ್ದೀಪ ಬರುವ ಮೊದಲೇ ಈ ಪ್ರಶ್ನೆ ನಮ್ಮ ನಾಡಿಗೆ ಬಂದಿತ್ತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ಜಲವಿದ್ಯುತ್ ಯೋಜನೆಯನ್ನು ನೀವು ಸಮಾಜ ಪಾಠದಲ್ಲಿ ಓದಿದ್ದೀರಿ. ಎಂಜಿನಿಯರ್ ಎ.ಸಿ. ಜಾಲಿ ಡಿ ಲಾಟ್‌ಬಿನಿಯರ್ ಅದರ ಹೊಣೆ ಹೊತ್ತಿದ್ದರು. 1902ರ ಜೂನ್ ಕೊನೆಯಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 92 ಮೈಲಿ, ಎಂದರೆ ಸುಮಾರು 148 ಕಿಲೋಮೀಟರ್ ಉದ್ದದ ಆ ತಂತಿಮಾರ್ಗ ಕನಕಪುರದ ಸೀಮೆಯನ್ನು ಹಾಯ್ದು ಹೋಗಿತ್ತು. ಆಗ ಅದು ಜಗತ್ತಿನ ಅತಿ ಉದ್ದದ ತಂತಿಮಾರ್ಗಗಳಲ್ಲಿ ಒಂದು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದೂ ಅದೇ ನೀರಿನಿಂದ.

ಶಿವನಸಮುದ್ರದಲ್ಲಿ ತಿರುಗುತ್ತಿದ್ದವೂ ಆಲ್ಟರ್ನೇಟರುಗಳೇ. ಇವತ್ತು ಕಾರಿನ ಬಾನೆಟ್ಟಿನಡಿಯಲ್ಲಿರುವ ಗಡಿಗೆಯಷ್ಟು ಚಿಕ್ಕ ಯಂತ್ರ ಅವುಗಳ ವಂಶದ್ದು. ಅಲ್ಲಿ ಟರ್ಬೈನಿನ ವೇಗವನ್ನು ಗವರ್ನರ್ ಎಂಬ ಸಾಧನ ಸ್ಥಿರವಾಗಿಡುತ್ತಿತ್ತು. ಹೊರೆ ಮಾತ್ರ ಬದಲಾಗುತ್ತಿತ್ತು. ಆ ಕಾಲದ ವಿದ್ಯುತ್ ಕೇಂದ್ರಗಳಲ್ಲಿ ವೋಲ್ಟ್ ಮೀಟರಿನ ಮುಂದೆ ಒಬ್ಬ ಆಳು ಸದಾ ನಿಂತಿರಬೇಕಿತ್ತು. ಮುಳ್ಳು ಇಳಿದರೆ ಆತ ಹಿಡಿಕೆ ತಿರುಗಿಸಿ ಕಾಂತದ ಸುರುಳಿಗೆ ಹೆಚ್ಚು ಪ್ರವಾಹ ಬಿಡುತ್ತಿದ್ದ. ಏರಿದರೆ ಕಡಮೆ ಮಾಡುತ್ತಿದ್ದ. ನೋಡು, ಹೋಲಿಸು, ತಿದ್ದು: ಆತನ ಕೆಲಸ ಇಷ್ಟೇ. 20ನೆಯ ಶತಮಾನದ ಆರಂಭದ ವರ್ಷಗಳಲ್ಲಿ ಅಮೆರಿಕದಲ್ಲಿ ಟಿರಿಲ್ ಎಂಬಾತ ಆ ಆಳಿನ ಬದಲಿಗೆ ಪಟಪಟನೆ ಬಡಿದುಕೊಳ್ಳುವ ವಿದ್ಯುತ್ ಸಂಪರ್ಕಗಳ ಒಂದು ನಿಯಂತ್ರಕವನ್ನು ಬಳಕೆಗೆ ತಂದ. ಮುಂದೆ ಅದೇ ಉಪಾಯ ಚಿಕ್ಕದಾಗಿ ಕಾರಿಗೂ ಬಂತು.

ಡೈನಮೊ ಕಾಲ

ಮೊದಮೊದಲ ಕಾರುಗಳಲ್ಲಿ ಉರಿಯುತ್ತಿದ್ದದ್ದು ಎಣ್ಣೆ ದೀಪ ಅಥವಾ ಕಾರ್ಬೈಡ್ ದೀಪ. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಮತ್ತು ವಿದ್ಯುದ್ದೀಪಗಳು ಬಂದವು. ಬ್ಯಾಟರಿಯನ್ನು ಮತ್ತೆ ತುಂಬಿಸಲು ಎಂಜಿನ್ನಿಗೇ ಒಂದು ಡೈನಮೊ ಜೋಡಿಸಬೇಕಾಯಿತು. ಬ್ಯಾಟರಿಗೆ ಬೇಕಾದದ್ದು ಒಂದೇ ದಿಕ್ಕಿನಲ್ಲಿ ಹರಿಯುವ ಏಕಮುಖ ಪ್ರವಾಹ. ಡೈನಮೊದ ತಿರುಗುವ ಭಾಗದ ತುದಿಯಲ್ಲಿರುವ ತಾಮ್ರದ ಪಟ್ಟಿಗಳ ಕಮ್ಯುಟೇಟರು ಆ ಕೆಲಸ ಮಾಡುತ್ತಿತ್ತು.

ಮೊದಲು ಬಂದ ಉಪಾಯ ಮೂರನೆಯ ಬ್ರಷ್ಷಿನದು. ಕಮ್ಯುಟೇಟರಿನ ಮೇಲೆ ಒಂದು ಹೆಚ್ಚುವರಿ ಕಾರ್ಬನ್ ಬ್ರಷ್ಷನ್ನಿಟ್ಟು ಕಾಂತದ ಸುರುಳಿಗೆ ಪ್ರವಾಹ ಕೊಡುತ್ತಿದ್ದರು. ವೇಗ ಹೆಚ್ಚಿದಂತೆ ಡೈನಮೊದೊಳಗಿನ ಕಾಂತಕ್ಷೇತ್ರ ವಾಲಿ, ಆ ಬ್ರಷ್ಷಿಗೆ ಸಿಗುವ ಪಾಲು ತಾನಾಗಿಯೇ ಕಡಮೆಯಾಗುತ್ತಿತ್ತು. ಜಾಣತನದ ಉಪಾಯ ನಿಜ. ಆದರೆ ಅದು ಮಿತಿಯಲ್ಲಿಡುತ್ತಿದ್ದದ್ದು ಪ್ರವಾಹವನ್ನು, ವೋಲ್ಟೇಜನ್ನಲ್ಲ. ವೋಲ್ಟೇಜನ್ನು ಹಿಡಿದಿಡಲು ಬ್ಯಾಟರಿಯನ್ನೇ ನೆಚ್ಚಬೇಕಿತ್ತು. ತುಂಬಿದ ಬ್ಯಾಟರಿಗೂ ಅಷ್ಟೇ, ಖಾಲಿ ಬ್ಯಾಟರಿಗೂ ಅಷ್ಟೇ ಬಡಿಸುವ ಆ ಪದ್ಧತಿಯಲ್ಲಿ ದೂರ ಪ್ರಯಾಣದಲ್ಲಿ ಬ್ಯಾಟರಿ ಕುದಿದುಹೋಗುವುದು ಸಾಮಾನ್ಯವಾಗಿತ್ತು.

ಆಮೇಲೆ ಬಂದದ್ದು ನಿಯಂತ್ರಕ ಪೆಟ್ಟಿಗೆ. ಹಳೆಯ ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಕಟೌಟ್. ನಿಜವಾಗಿ ಅದರೊಳಗೆ ಎರಡು ಕೆಲಸಗಳಿದ್ದವು. ಎಂಜಿನ್ ನಿಧಾನವಾದಾಗ ಅಥವಾ ನಿಂತಾಗ ಬ್ಯಾಟರಿಯ ವಿದ್ಯುತ್ತು ಡೈನಮೊಗೆ ಹಿಂದಕ್ಕೆ ಹರಿಯದಂತೆ ಕಡಿಯುವುದು ಕಟೌಟಿನ ಕೆಲಸ. ಇನ್ನೊಂದು ರೆಗ್ಯುಲೇಟರು. ಅದರಲ್ಲಿ ಒಂದು ತಂತಿಸುರುಳಿ, ಅದರ ಮೇಲೆ ಸ್ಪ್ರಿಂಗಿನಿಂದ ಹಿಡಿದ ಕಬ್ಬಿಣದ ಒಂದು ನಾಲಿಗೆ. ವೋಲ್ಟೇಜು ಗೊತ್ತುಪಡಿಸಿದ ಮಟ್ಟ ಮುಟ್ಟಿದೊಡನೆ ಸುರುಳಿ ನಾಲಿಗೆಯನ್ನು ಸೆಳೆಯುತ್ತದೆ, ಸಂಪರ್ಕ ಬಿಡುತ್ತದೆ, ಡೈನಮೊದ ಕಾಂತದ ದಾರಿಯಲ್ಲಿ ಒಂದು ರೋಧ ಅಡ್ಡ ಬರುತ್ತದೆ. ಕಾಂತ ಸೊರಗುತ್ತದೆ, ವೋಲ್ಟೇಜು ಇಳಿಯುತ್ತದೆ. ಇಳಿದೊಡನೆ ಸ್ಪ್ರಿಂಗು ನಾಲಿಗೆಯನ್ನು ಹಿಂದಕ್ಕೆಳೆದು ಮತ್ತೆ ಸಂಪರ್ಕ ಕೂಡಿಸುತ್ತದೆ. ಸೆಕೆಂಡಿಗೆ ಹತ್ತಾರು ಬಾರಿ ಹೀಗೆ ಬಡಿದುಕೊಳ್ಳುವ ಅದರ ಸಣ್ಣ ಗುಂಯ್ ಸದ್ದನ್ನು ಕಿವಿಗೊಟ್ಟು ಕೇಳಬಹುದಿತ್ತು. ವೋಲ್ಟ್ ಮೀಟರಿನ ಮುಂದೆ ನಿಂತಿದ್ದ ಆಳು ಈಗ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಪೆಟ್ಟಿಗೆಯೊಳಗೆ ಕುಳಿತಿದ್ದ.

1950ರ ದಶಕದಿಂದ ನಮ್ಮ ರಸ್ತೆಗಳನ್ನು ಆಳಿದ ಅಂಬಾಸಿಡರ್, ಫಿಯೆಟ್ ಕಾರುಗಳಲ್ಲಿ ಮೊದಲು ಇದ್ದದ್ದು ಈ ಏರ್ಪಾಡೇ. ಸಂಪರ್ಕಗಳು ಸುಟ್ಟು ಕಪ್ಪಾದರೆ ಉಪ್ಪುಕಾಗದದಿಂದ ಉಜ್ಜುವುದು, ಸ್ಪ್ರಿಂಗಿನ ಬಿಗಿಯನ್ನು ತಿರುಪಿನಿಂದ ಸರಿಪಡಿಸುವುದು ಮೈಸೂರು ರಸ್ತೆಯ ಪ್ರತಿಯೊಬ್ಬ ಆಟೋ ಎಲೆಕ್ಟ್ರಿಷಿಯನ್‌ಗೂ ಕೈವಶವಾಗಿದ್ದ ವಿದ್ಯೆ. ಡೈನಮೊ ದುರ್ಬಲ ಯಂತ್ರ. ಅದು ಕೊಡುತ್ತಿದ್ದದ್ದು 20 ಆಂಪಿಯರಿನ ಆಸುಪಾಸು. ಎಂಜಿನ್ ನಿಧಾನವಾಗಿ ತಿರುಗುವಾಗ ಏನೂ ಇಲ್ಲ. ಹಾಗಾಗಿ ಎಂಜಿನ್ ಓಡುವಾಗ ಬ್ಯಾಟರಿಯ ತಂತಿ ಕಿತ್ತು, ದೀಪ ಉರಿಯುತ್ತಲೇ ಇದೆಯೇ ಎಂದು ನೋಡುವ ಪರೀಕ್ಷೆ ಆಗ ಬಹುಮಟ್ಟಿಗೆ ನಡೆಯುತ್ತಿತ್ತು. ಬಿಡದಿಯ ಆ ಹಿರಿಯರು ಕಲಿತದ್ದು ಈ ಕಾಲದಲ್ಲಿ.

ಮೈಸೂರಿಗೆ ಬಾರದ ಕಾರ್ಖಾನೆ

ಇಲ್ಲಿ ಒಂದು ತಿರುವನ್ನು ಹೇಳದೆ ಮುಂದೆ ಹೋಗುವಂತಿಲ್ಲ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯೂರೋಪು, ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ನೋಡಿಬಂದು ಭಾರತದಲ್ಲೇ ಕಾರು ತಯಾರಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಕೈಜೋಡಿಸಿದರು. ಮೈಸೂರು ಸಂಸ್ಥಾನದಲ್ಲೇ ಕಾರ್ಖಾನೆ ತೆರೆಯುವ ಮಾತೂ ಮುಂದುವರಿದಿತ್ತು. ಆದರೆ ಬ್ರಿಟಿಷ್ ಭಾರತ ಸರ್ಕಾರ ಒಪ್ಪಲಿಲ್ಲ. 1940ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ಬಂದದ್ದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಎಂಬ ವಿಮಾನ ಕಾರ್ಖಾನೆ. ಕಾರು ಮಾಡುವ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು.

ಕಾರು ಬರಲಿಲ್ಲ, ಆದರೆ ಕಾರಿನ ಅಂಗಾಂಗಗಳ ವಿದ್ಯೆ ಬಂತು. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಆರಂಭವಾಯಿತು. ಮೋಟಾರು, ಜನರೇಟರುಗಳ ತಯಾರಿಕೆಗೆ ಹೆಸರಾಯಿತು. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ನಮ್ಮೆಲ್ಲರ ಬಾಯಲ್ಲಿ ಮೈಕೊ, ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗು ಮತ್ತು ಡೀಸೆಲ್ ಪಂಪುಗಳನ್ನು ಮಾಡಿತು. ಮುಂದೆ ಅದರ ನಾಗನಾಥಪುರದ ಕಾರ್ಖಾನೆಯಲ್ಲಿ ಸ್ಟಾರ್ಟರ್ ಮೋಟಾರುಗಳೂ ಆಲ್ಟರ್ನೇಟರುಗಳೂ ತಯಾರಾದವು. 1954ರಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದಲ್ಲಿ ಜಾಲಹಳ್ಳಿಯಲ್ಲಿ ಅರೆವಾಹಕ ಸಾಧನಗಳ ತಯಾರಿಕೆಗೆ ಕೈಹಾಕಿತು. ಈ ಅರೆವಾಹಕವೇ ನಮ್ಮ ಕಥೆಯ ಮುಂದಿನ ಪಾತ್ರ.

ಸಿಲಿಕಾನಿನ ಬಾಗಿಲು

ಡೈನಮೊದಲ್ಲಿ ಕಾಂತ ನಿಂತಿರುತ್ತದೆ, ವಿದ್ಯುತ್ತು ಹುಟ್ಟುವ ಸುರುಳಿ ತಿರುಗುತ್ತದೆ. ಹುಟ್ಟಿದ ಪ್ರವಾಹವೆಲ್ಲ ಬ್ರಷ್ಷಿನ ಮೂಲಕವೇ ಹೊರಬರಬೇಕು. ಆಲ್ಟರ್ನೇಟರಿನಲ್ಲಿ ಇದು ತಿರುಗುಮುರುಗು. ರೋಟರ್ ಎಂಬ ವಿದ್ಯುತ್ಕಾಂತ ಒಳಗೆ ತಿರುಗುತ್ತದೆ; ಅದರ ಸುತ್ತ ಸ್ಟೇಟರ್ ಎಂಬ ಸುರುಳಿಗಳು ಕದಲದೆ ನಿಂತಿರುತ್ತವೆ. ಭಾರಿ ಪ್ರವಾಹ ನಿಂತ ಸುರುಳಿಯಿಂದ ನೇರವಾಗಿ ಹೊರಬರುತ್ತದೆ. ಬ್ರಷ್ಷುಗಳು ಹೊರಬೇಕಾದದ್ದು ರೋಟರಿಗೆ ಬೇಕಾದ 4-5 ಆಂಪಿಯರನ್ನು ಮಾತ್ರ. ಹಾಗಾಗಿ ಅದನ್ನು ಬಹಳ ವೇಗವಾಗಿ ತಿರುಗಿಸಬಹುದು. ಎಂಜಿನ್ ನಿಧಾನವಾಗಿದ್ದಾಗಲೂ ಅದು ವಿದ್ಯುತ್ತು ಕೊಡುತ್ತದೆ.

ಇಷ್ಟು ಒಳ್ಳೆಯ ಯಂತ್ರ ಕಾರಿಗೆ ಬರಲು ತಡವಾದದ್ದೇಕೆ? ಆಲ್ಟರ್ನೇಟರಿನಿಂದ ಬರುವುದು ದಿಕ್ಕು ಬದಲಿಸುತ್ತಲೇ ಇರುವ ಪರ್ಯಾಯ ಪ್ರವಾಹ. ಅದನ್ನು ಒಂದೇ ದಿಕ್ಕಿಗೆ ತಿರುಗಿಸಲು ಒಳ್ಳೆಯ, ಚಿಕ್ಕದಾದ, ಬಿಸಿ ತಡೆಯುವ ಬಾಗಿಲು ಬೇಕಿತ್ತು. ಹಳೆಯ ಸೆಲೆನಿಯಂ ಫಲಕಗಳು ದೊಡ್ಡವು. ಬಸ್ಸು, ಸೈನ್ಯದ ವಾಹನಗಳಿಗಷ್ಟೇ ಸರಿ. 1950ರ ದಶಕದಲ್ಲಿ ಸಿಲಿಕಾನ್ ಡಯೋಡು ಅಗ್ಗವಾಗತೊಡಗಿತು. ಅಮೆರಿಕದ ಕ್ರೈಸ್ಲರ್ ಕಂಪನಿ 1960ರ ವೇಲಿಯಂಟ್ ಕಾರಿನಲ್ಲಿ ಆಲ್ಟರ್ನೇಟರನ್ನು ಅಳವಡಿಸಿತು. ನಮ್ಮಲ್ಲಿ 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800 ಅದನ್ನು ಮನೆಮಾತಾಗಿಸಿತು.

6 ಡಯೋಡುಗಳು ಪ್ರವಾಹವನ್ನು ಹೊರಕ್ಕೆ ಮಾತ್ರ ಬಿಡುತ್ತವೆ, ಒಳಕ್ಕೆ ಬಿಡುವುದಿಲ್ಲ. ಆದ್ದರಿಂದ ಕಟೌಟ್ ಬೇಡವಾಯಿತು. ಬಡಿಯುವ ನಾಲಿಗೆಯ ಜಾಗಕ್ಕೆ ಟ್ರಾನ್ಸಿಸ್ಟರ್ ಬಂತು. 1970ರ ದಶಕದಿಂದೀಚೆಗೆ ರೆಗ್ಯುಲೇಟರು ಆಲ್ಟರ್ನೇಟರಿನ ಬೆನ್ನಿಗೇ ಅಂಟಿಕೊಂಡು, ಬ್ರಷ್ಷಿನ ಜೊತೆ ಒಂದೇ ತುಂಡಾಯಿತು. ಉಜ್ಜಲು ಸಂಪರ್ಕವಿಲ್ಲ, ತಿರುಗಿಸಲು ತಿರುಪಿಲ್ಲ. ಕೆಟ್ಟರೆ ಬಿಸಾಡಿ ಹೊಸದು ಹಾಕಬೇಕು. ರಸ್ತೆ ಬದಿಯ ಕೈವಿದ್ಯೆಯ ಒಂದು ಪುಟ ಅಲ್ಲಿಗೆ ಮುಚ್ಚಿತು.

ಹೊರೆ ಬಿದ್ದಾಗ ಆಗುವುದೇನು?

ಈಗ ಮಳೆಯ ಸಂಜೆಗೆ ಹಿಂದಿರುಗೋಣ. ಕಾರು ಓಡುತ್ತಿದೆ, ವೋಲ್ಟೇಜು 14.2. ನೀವು ಹೆಡ್‌ಲೈಟಿನ ಸ್ವಿಚ್ಚು ಒತ್ತಿದಿರಿ. ಸ್ಟೇಟರಿನಿಂದ ಒಮ್ಮೆಲೇ ಹೆಚ್ಚು ಪ್ರವಾಹ ಹರಿಯತೊಡಗಿತು. ಸ್ಟೇಟರಿನ ತಂತಿಗಳಿಗೂ ಒಂದಷ್ಟು ತಡೆ ಇದೆ. ಹೆಚ್ಚು ಪ್ರವಾಹವೆಂದರೆ ಒಳಗೇ ಹೆಚ್ಚು ವೋಲ್ಟೇಜು ಖರ್ಚು. ಸಾಲದ್ದಕ್ಕೆ ಆ ಪ್ರವಾಹ ತನ್ನದೇ ಒಂದು ಕಾಂತಕ್ಷೇತ್ರ ಹುಟ್ಟಿಸಿ ರೋಟರಿನ ಕಾಂತವನ್ನು ಎದುರಿಸುತ್ತದೆ. ಹೊರಗೆ ಸಿಗುವ ವೋಲ್ಟೇಜು ತುಸು ಕುಸಿಯುತ್ತದೆ.

ರೆಗ್ಯುಲೇಟರಿನೊಳಗೆ ಒಂದು ಖಚಿತ ಅಳತೆಗೋಲಿದೆ: ಜೀನರ್ ಡಯೋಡು ಅಥವಾ ಅಂಥದೇ ಒಂದು ಮಂಡಲ. ಸಿಕ್ಕಿದ ವೋಲ್ಟೇಜನ್ನು ಅದು ಇದರೊಡನೆ ಹೋಲಿಸುತ್ತದೆ. ಕಡಮೆ ಎಂದು ಕಂಡೊಡನೆ ಟ್ರಾನ್ಸಿಸ್ಟರು ರೋಟರಿನ ಸುರುಳಿಗೆ ಹೆಚ್ಚು ಹೊತ್ತು ಪ್ರವಾಹ ಬಿಡುತ್ತದೆ. ಟ್ರಾನ್ಸಿಸ್ಟರು ನಲ್ಲಿಯಂತೆ ಅರ್ಧ ತೆರೆದು ನಿಲ್ಲುವುದಿಲ್ಲ ಎಂಬುದನ್ನು ಗಮನಿಸಿ. ಅದು ಪೂರ್ತಿ ತೆರೆಯುತ್ತದೆ, ಪೂರ್ತಿ ಮುಚ್ಚುತ್ತದೆ. ಸೆಕೆಂಡಿಗೆ ನೂರಾರು ಬಾರಿ. ಹೊರೆ ಕಡಮೆಯಿದ್ದಾಗ 100ರಲ್ಲಿ 20 ಪಾಲು ಹೊತ್ತು ತೆರೆದಿದ್ದರೆ, ಹೊರೆ ಬಿದ್ದಾಗ 70-80 ಪಾಲು ಹೊತ್ತು ತೆರೆದಿರಬಹುದು. ರೋಟರಿನ ಕಾಂತ ಬಲವಾಗುತ್ತದೆ, ವೋಲ್ಟೇಜು ಮತ್ತೆ 14.2ಕ್ಕೆ ಬರುತ್ತದೆ. ನಿಮ್ಮ ಕಣ್ಣಿಗೆ ಬಹುಶಃ ದೀಪ ಒಂದು ಕ್ಷಣ ಮಿಡುಕಿದಂತೆ ಕಂಡೀತು, ಅಷ್ಟೇ.

ಈ ಹೆಚ್ಚುವರಿ ವಿದ್ಯುತ್ತು ಪುಕ್ಕಟೆ ಬಂದದ್ದಲ್ಲ. ಬಲವಾದ ಕಾಂತವನ್ನು ತಿರುಗಿಸುವುದು ಕಷ್ಟ. 14 ವೋಲ್ಟಿನಲ್ಲಿ 40 ಆಂಪಿಯರ್ ಎಂದರೆ 560 ವಾಟು. ಆಲ್ಟರ್ನೇಟರಿನ ದಕ್ಷತೆ ಶೇಕಡ 56 ಎಂದಿಟ್ಟುಕೊಂಡರೆ ಎಂಜಿನ್ನು 1,000 ವಾಟು, ಎಂದರೆ ಸುಮಾರು 1.3 ಅಶ್ವಶಕ್ತಿ ಕೊಡಬೇಕು. ನಿಂತ ಕಾರಿನಲ್ಲಿ ಹೆಡ್‌ಲೈಟು, ಫ್ಯಾನುಗಳನ್ನು ಒಟ್ಟಿಗೆ ಹಾಕಿದಾಗ ಎಂಜಿನ್ನಿನ ಸದ್ದು ತುಸು ತಗ್ಗುವುದನ್ನು ಕೇಳಿರಬಹುದು. ಈಚಿನ ಕಾರುಗಳಲ್ಲಿ ರೆಗ್ಯುಲೇಟರು ಎಂಜಿನ್ನಿನ ಕಂಪ್ಯೂಟರಿನೊಡನೆ ಮಾತಾಡಿಕೊಂಡು, ಹೊರೆಯನ್ನು ಕೆಲವು ಸೆಕೆಂಡುಗಳಲ್ಲಿ ಮೆಲ್ಲಗೆ ಏರಿಸುತ್ತದೆ. ಎಂಜಿನ್ ಮುಗ್ಗರಿಸದಿರಲಿ ಎಂದು. ಬ್ಯಾಟರಿ ತಣ್ಣಗಿದ್ದರೆ ವೋಲ್ಟೇಜನ್ನು ತುಸು ಏರಿಸುತ್ತದೆ, ಬಿಸಿಯಿದ್ದರೆ ಇಳಿಸುತ್ತದೆ.

ತಂತಿ ಕಿತ್ತಾಗ

ಈಗ ಆ ರಾತ್ರಿಯ ಪ್ರಶ್ನೆಗೆ ಉತ್ತರ ಹೇಳಬಹುದು. ನಮ್ಮ ಬ್ಯಾಟರಿ ಖಾಲಿಯಾಗಿತ್ತು. ಅದು ಹಸಿದವನಂತೆ ಆಲ್ಟರ್ನೇಟರಿನಿಂದ ಭಾರಿ ಪ್ರವಾಹ ಎಳೆಯುತ್ತಿತ್ತು. ಆ ಹೊರೆಯನ್ನು ನಿಭಾಯಿಸಲು ರೆಗ್ಯುಲೇಟರು ರೋಟರಿನ ಕಾಂತವನ್ನು ಹೆಚ್ಚುಕಡಮೆ ಪೂರ್ತಿ ಬಲಕ್ಕೇರಿಸಿತ್ತು. ಒಳಗೆ ಹುಟ್ಟುತ್ತಿದ್ದ ವೋಲ್ಟೇಜು 14ಕ್ಕಿಂತ ಎಷ್ಟೋ ಹೆಚ್ಚು. ಹೆಚ್ಚಿನ ಪಾಲು ಸ್ಟೇಟರಿನೊಳಗೇ ಖರ್ಚಾಗಿ, ಹೊರಗೆ 14 ಕಾಣುತ್ತಿತ್ತು. ಆ ಗಳಿಗೆಯಲ್ಲಿ ತಂತಿ ಕಿತ್ತೊಡನೆ ಹೊರೆ ಮಾಯವಾಯಿತು. ಒಳಗಿನ ಖರ್ಚೂ ನಿಂತಿತು. ಒಳಗಿದ್ದ ವೋಲ್ಟೇಜೆಲ್ಲ ಹೊರಕ್ಕೆ ನುಗ್ಗಿತು.

ರೆಗ್ಯುಲೇಟರು ಸುಮ್ಮನಿತ್ತೇ? ಇಲ್ಲ. ಅದು ಕೂಡಲೇ ರೋಟರಿನ ಪ್ರವಾಹವನ್ನು ಕಡಿಯಿತು. ಆದರೆ ಸುರುಳಿಯಲ್ಲಿ ಸಂಗ್ರಹವಾದ ಕಾಂತಶಕ್ತಿ ಕ್ಷಣಾರ್ಧದಲ್ಲಿ ಕರಗುವುದಿಲ್ಲ. ಸೆಕೆಂಡಿನ ಹತ್ತನೆಯ ಒಂದು ಪಾಲೋ ಎರಡು ಮೂರು ಪಾಲೋ ಬೇಕು. ಅಷ್ಟರಲ್ಲಿ 12 ವೋಲ್ಟಿನ ವಾಹನದಲ್ಲಿ ವೋಲ್ಟೇಜು 80-100ರವರೆಗೆ ಜಿಗಿಯಬಹುದು. ಬಲ್ಬು, ಡಯೋಡು, ಟ್ರಾನ್ಸಿಸ್ಟರುಗಳಿಗೆ ಅಷ್ಟು ಸಾಕು. ಬ್ಯಾಟರಿ ವಿದ್ಯುತ್ತಿನ ಉಗ್ರಾಣ ಮಾತ್ರವಲ್ಲ, ಇಂಥ ಅಲೆಗಳನ್ನು ನುಂಗಿಕೊಳ್ಳುವ ಕೆರೆಯೂ ಹೌದು. ಕೆರೆಯ ತೂಬನ್ನು ಕಿತ್ತು ಕಾಲುವೆಯನ್ನು ಪರೀಕ್ಷಿಸಿದಂತಾಗಿತ್ತು ನಮ್ಮ ಕೆಲಸ.

ಹಾಗಾದರೆ ಆ ಹಿರಿಯರದು ಅಜ್ಞಾನವೇ? ಹಾಗೆನ್ನಲು ನನಗೆ ಮನಸ್ಸು ಬಾರದು. ಅವರ ಪರೀಕ್ಷೆ ಒಂದು ಕಾಲದಲ್ಲಿ ಕೆಲಸಕ್ಕೆ ಬರುತ್ತಿತ್ತು. ಯಂತ್ರ ಬದಲಾಯಿತು, ಬದಲಾದದ್ದೇಕೆ ಎಂದು ಅವರಿಗೆ ಕನ್ನಡದಲ್ಲಿ ಹೇಳುವವರು ಇರಲಿಲ್ಲ. ಹೇಳಬೇಕಾದವರು ಓದಿದ ನಾವು. ನಮಗೂ ಸೂತ್ರ ಗೊತ್ತಿತ್ತು, ಯಂತ್ರ ಗೊತ್ತಿರಲಿಲ್ಲ. ಅವರಿಗೆ ಯಂತ್ರ ಗೊತ್ತಿತ್ತು, ಸೂತ್ರ ಗೊತ್ತಿರಲಿಲ್ಲ. ವ್ಯಾನು ಕತ್ತಲಲ್ಲಿ ನಿಂತದ್ದು ಈ ಎರಡರ ನಡುವೆ.

ಬಿಡದಿಗೆ ಬಂದ ಕಾರ್ಖಾನೆ

ವಿಶ್ವೇಶ್ವರಯ್ಯನವರ ಯೋಜನೆಯ ಸುಮಾರು 60 ವರ್ಷಗಳ ಬಳಿಕ, 1997ರಲ್ಲಿ, ಜಪಾನಿನ ಟೊಯೊಟಾ ಮತ್ತು ನಮ್ಮ ಕಿರ್ಲೋಸ್ಕರ್ ಬಳಗ ಕೂಡಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಸಂಸ್ಥೆ ಕಟ್ಟಿದವು. ಅದರ ಕಾರ್ಖಾನೆ ಎದ್ದದ್ದು ಬಿಡದಿಯಲ್ಲಿ. 1999ರ ಕೊನೆಯಲ್ಲಿ ಅಲ್ಲಿಂದ ಕ್ವಾಲಿಸ್ ಹೊರಬಂತು, 2005ರಲ್ಲಿ ಇನ್ನೋವಾ, 2010ರಲ್ಲಿ ಎರಡನೆಯ ಕಾರ್ಖಾನೆಯಿಂದ ಇಟಿಯೋಸ್. 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿದ್ದ ಮೈಕೊ ಕೂಡ ಮುಂದಿನ ದಶಕದಲ್ಲಿ ಆಡುಗೋಡಿಯ ತಯಾರಿಕೆಯನ್ನು ಬಿಡದಿಗೆ ತಂದಿತು. ರೇಷ್ಮೆ, ರಾಗಿ, ಇಡ್ಲಿಯ ಸೀಮೆ ಕಾರಿನ ಸೀಮೆಯೂ ಆಯಿತು.

ನಮ್ಮ ಕಥೆಯ ಕೊನೆಯ ತಿರುವೂ ಅಲ್ಲೇ ಇದೆ. 2013ರಲ್ಲಿ ಬಿಡದಿಯಲ್ಲಿ ಕ್ಯಾಮ್ರಿ ಹೈಬ್ರಿಡ್ ಕಾರಿನ ಜೋಡಣೆ ಆರಂಭವಾಯಿತು. 2022ರಲ್ಲಿ ಇನ್ನೋವಾ ಹೈಕ್ರಾಸ್ ಬಂತು. ಪೂರ್ಣ ಪ್ರಮಾಣದ ಹೈಬ್ರಿಡ್ ಕಾರಿನ ಬಾನೆಟ್ ತೆರೆದು ಹುಡುಕಿದರೆ ನಾವು ಇಷ್ಟು ಹೊತ್ತು ಮಾತಾಡಿದ, ಬೆಲ್ಟಿನಿಂದ ತಿರುಗುವ ಆಲ್ಟರ್ನೇಟರ್ ಸಿಗುವುದೇ ಇಲ್ಲ! ಕಾರನ್ನು ಓಡಿಸುವ ದೊಡ್ಡ ಮೋಟಾರ್-ಜನರೇಟರುಗಳೇ ಹೆಚ್ಚು ವೋಲ್ಟೇಜಿನ ಒಂದು ಬ್ಯಾಟರಿಯನ್ನು ತುಂಬಿಸುತ್ತವೆ. ಅದರಿಂದ ಒಂದು ಎಲೆಕ್ಟ್ರಾನಿಕ್ ಪರಿವರ್ತಕ ವೋಲ್ಟೇಜನ್ನು ಇಳಿಸಿ ದೀಪ, ವೈಪರುಗಳಿಗೆ ಕೊಡುತ್ತದೆ. ಎಷ್ಟಕ್ಕೆ ಇಳಿಸುತ್ತದೆ ಗೊತ್ತೇ? ಸುಮಾರು 14 ವೋಲ್ಟಿಗೆ.

ಹಿಡಿಕೆ ತಿರುಗಿಸುವ ಆಳು ಹೋದ, ಬಡಿಯುವ ನಾಲಿಗೆ ಬಂತು. ನಾಲಿಗೆ ಹೋಯಿತು, ಟ್ರಾನ್ಸಿಸ್ಟರ್ ಬಂತು. ಈಗ ಕೆಲವು ಕಾರುಗಳಲ್ಲಿ ಆಲ್ಟರ್ನೇಟರೇ ಹೋಗಿದೆ. ಉಳಿದಿರುವುದು ಆ ಆಳಿನ ಕೆಲಸ: ನೋಡು, ಹೋಲಿಸು, ತಿದ್ದು.

ಒಂದು ಸಣ್ಣ ಪ್ರಯೋಗ ಮಾಡಿ. ಮನೆಯ ಅಥವಾ ಪರಿಚಯದವರ ಕಾರಿದ್ದರೆ, ದೊಡ್ಡವರೊಬ್ಬರನ್ನು ಜೊತೆಗಿಟ್ಟುಕೊಂಡು, ಬೆಲ್ಟು ಮತ್ತು ಫ್ಯಾನಿನಿಂದ ಕೈ ದೂರವಿಟ್ಟು, ಮಲ್ಟಿಮೀಟರನ್ನು ಬ್ಯಾಟರಿಯ ಎರಡು ತುದಿಗಳಿಗೆ ಮುಟ್ಟಿಸಿ. ಎಂಜಿನ್ ನಿಂತಿದ್ದಾಗ ಎಷ್ಟಿದೆ? ಸ್ಟಾರ್ಟ್ ಮಾಡುವ ಗಳಿಗೆಯಲ್ಲಿ ಎಷ್ಟಕ್ಕಿಳಿಯಿತು? ಓಡುವಾಗ ಎಷ್ಟು? ಹೆಡ್‌ಲೈಟು, ಫ್ಯಾನು ಹಾಕಿದಾಗ ಎಷ್ಟು ಇಳಿದು, ಎಷ್ಟಕ್ಕೆ ಮರಳಿತು? ಬರೆದಿಟ್ಟುಕೊಳ್ಳಿ. ಆಲ್ಟರ್ನೇಟರಿನ ಆರೋಗ್ಯ ತಿಳಿಯಲು ಈ ನಾಲ್ಕು ಅಂಕಿಗಳು ಸಾಕು, ತಂತಿ ಕೀಳಬೇಕಾಗಿಲ್ಲ.

ಆ ಬೆಳಗ್ಗೆ ಹಿರಿಯರು ನಮ್ಮಿಂದ ಕೂಲಿ ತೆಗೆದುಕೊಳ್ಳಲಿಲ್ಲ. ನಾವು ಕೊಡಿಸಿದ ತಟ್ಟೆ ಇಡ್ಲಿಯನ್ನು ಮಾತ್ರ ಒಪ್ಪಿಕೊಂಡರು. ಕೆಲವು ತಿಂಗಳ ಬಳಿಕ ಉತ್ತರ ಸಿದ್ಧಮಾಡಿಕೊಂಡು ಅವರ ಅಂಗಡಿಗೆ ಹೋದೆ. ಒಂದು ಹಳೆಯ ರಟ್ಟಿನ ಮೇಲೆ ಚಿತ್ರ ಬರೆದು ವಿವರಿಸಿದೆ. ಅವರು ಪೂರ್ತಿ ಕೇಳಿ, ಎರಡು ಪ್ರಶ್ನೆ ಕೇಳಿದರು. ಆಮೇಲೆ ಅಂಗಡಿಯ ಹುಡುಗನನ್ನು ಕರೆದು, "ಇನ್ಮೇಲೆ ಓಡೋ ಗಾಡಿ ಬ್ಯಾಟರಿ ವೈರ್ ಕೀಳಬ್ಯಾಡ ಕಣ್ಲಾ. ಯಾಕೆ ಅಂತ ಆಮೇಲೆ ಹೇಳ್ತೀನಿ" ಎಂದರು. ಆ ರಟ್ಟನ್ನು ಅವರು ಬಿಸಾಡಲಿಲ್ಲ, ಮಡಚಿ ಗಲ್ಲಾಪೆಟ್ಟಿಗೆಯಲ್ಲಿಟ್ಟುಕೊಂಡರು.